ಹದಿನಾಲ್ಕು ಕಾಲಮ್ಮಿನ ಉಳಿತಾಯ

ರಾಮಸಮುದ್ರದ ನಮ್ಮ ಓಣಿಯಲ್ಲಿ ಈಗ ಯಾರೂ ಸಾಮಾನು ಕೊಳ್ಳುವುದಿಲ್ಲ, ಉಳಿತಾಯ ಮಾಡುತ್ತಾರೆ. ಹೋದ ದೀಪಾವಳಿಗೆ ನಮ್ಮ ಬೀಗರು ಹದಿನೆಂಟು ಸಾವಿರ ರೂಪಾಯಿ ಉಳಿಸಿದರು. ಅಷ್ಟು ಉಳಿಸಲು ಅವರಿಗೆ ತಗುಲಿದ ಖರ್ಚು ಮೂವತ್ತೊಂದು ಸಾವಿರ. ಕೈಯಲ್ಲಿ ಇನ್ನೊಂದಿಷ್ಟು ರೊಕ್ಕ ಇದ್ದಿದ್ದರೆ ಇನ್ನೂ ಉಳಿಸಬಹುದಿತ್ತಲ್ಲ ಎಂಬ ಕೊರಗು ಮಾತ್ರ ಅವರಿಗೆ ಇಂದಿಗೂ ಹೋಗಿಲ್ಲ.

ಇದಕ್ಕೆಲ್ಲ ಮೂಲ ಒಂದು ಗೂಗಲ್ ಶೀಟು. ಗೂಗಲ್ ಕಂಪನಿ 2006ರಲ್ಲಿ ಜಗತ್ತಿಗೆ ಬಿಟ್ಟ ಈ ಲೆಕ್ಕದ ಹಾಳೆ ನಮ್ಮ ಮನೆತನಕ್ಕೆ ಬಂದದ್ದು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಕ್ಕನ ಮಗನ ದಯೆಯಿಂದ. ಒಂದೇ ಹಾಳೆಯನ್ನು ಒಂದೇ ಹೊತ್ತಿಗೆ ನೂರು ಮಂದಿ ತಿದ್ದಬಹುದು, ಒಂದು ಕೋಟಿ ಚೌಕದವರೆಗೆ ತುಂಬಬಹುದು ಎಂದು ಅವನು ಹೇಳಿದ. ಹೇಳಬಾರದಿತ್ತು. ನಮ್ಮವರು ಅದನ್ನು ಸವಾಲೆಂದು ತೆಗೆದುಕೊಂಡರು. ಬೆಂಗಳೂರು, ಪುಣೆ, ಮುಂಬೈ ಎಂದು ದುಡಿಯಲು ಹೋದ ಮಕ್ಕಳು, ಯಾದಗಿರಿ ಬಜಾರಿನಲ್ಲಿ ಕೆಲಸಕ್ಕಿರುವ ಅಳಿಯಂದಿರು, ಊರಲ್ಲೇ ಉಳಿದ ನಾವು, ಎಲ್ಲರೂ ಒಂದೇ ಹಾಳೆಯ ಮೇಲೆ ಕೂತಿದ್ದೇವೆ. ಆಸ್ತಿ ಪಾಲಾದ ಮೇಲೆ ಮನೆತನ ಹೀಗೆ ಒಂದೆಡೆ ಸೇರಿದ್ದು ಇದೇ ಮೊದಲು.

ಹಾಳೆಗೆ ಹದಿನಾಲ್ಕು ಕಾಲಮ್ಮು. ಸಾಮಾನು, ಲಿಂಕು, ಎಂಆರ್‌ಪಿ, ಮೂರು ಆ್ಯಪುಗಳ ಮೂರು ರೇಟು, ಕೂಪನ್ನು, ಬ್ಯಾಂಕ್ ಆಫರು, ಯಾರ ಕಾರ್ಡು, ಡೆಲಿವರಿ ಚಾರ್ಜು, ನಮ್ಮ ಪಿನ್‌ಕೋಡಿಗೆ ಬರ್ತದೋ ಇಲ್ಲೋ, ಈಗ ಎಲ್ಲಿದೆ, ಎಷ್ಟು ಉಳೀತು, ಷರಾ. ಕೂಡಿಸುವ ಸೂತ್ರ ಇರುವುದು ಹದಿಮೂರನೆಯ ಕಾಲಮ್ಮಿನ ಕೆಳಗೆ ಮಾತ್ರ. ಕೊಟ್ಟದ್ದೆಷ್ಟು ಎಂದು ಕೂಡಿಸುವ ಅಪಶಕುನದ ಕೆಲಸಕ್ಕೆ ಯಾರೂ ಕೈ ಹಾಕಿಲ್ಲ.

ಉಳಿತಾಯದ ಲೆಕ್ಕ ಬಲು ಸರಳ. ಎಂಆರ್‌ಪಿಯಲ್ಲಿ ಕೊಟ್ಟ ರೊಕ್ಕ ಕಳೆ, ಮಿಕ್ಕದ್ದು ಉಳಿತಾಯ. ಸ್ಟೀಲಿನ ನೀರಿನ ಬಾಟ್ಲಿಗೆ ಎಂಆರ್‌ಪಿ 1,999, ಸಿಕ್ಕದ್ದು 449ಕ್ಕೆ, ಉಳಿದದ್ದು 1,550. ಮಣ್ಣಿನ ಕೊಡದ ನೀರು ಕುಡಿಯುವ ಮನೆಗೆ ಅಂಥ ಎರಡು ಬಾಟ್ಲಿ ಬಂದವು, ಹಾಳೆಯಲ್ಲಿ 3,100 ರೂಪಾಯಿ ಜಮೆಯಾಯಿತು. ಬಾಟ್ಲಿಯ ಮೇಲೆ ಛಾಪಿಸಿದ ದರಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ಮಾರಿದರೂ ತಪ್ಪು ಎನ್ನುತ್ತದೆ ಕಾನೂನು. ಆದರೆ ಆ ದರವನ್ನು ಇಷ್ಟೇ ಛಾಪಿಸಬೇಕು ಎಂದು ಬಾಟ್ಲಿಯ ಕಂಪನಿಗೆ ಯಾವ ಕಾನೂನೂ ಹೇಳಿಲ್ಲ. ಇದನ್ನು ನಮ್ಮ ಕಾಕಾ, ಹುಡುಗರ ಮುತ್ಯಾ, ಒಂದೇ ಏಟಿಗೆ ಹಿಡಿದು ಅಕ್ಕನ ಮಗನನ್ನು ಕೇಳಿದರು.

"ಈ ಎಂಆರ್‌ಪಿ ಅಂಬೋದು ಬರಿಯೋರು ಯಾರೋ ಹುಡುಗಾ?"

"ಕಂಪನಿಯವ್ರು, ಮುತ್ಯಾ."

"ಅದನ್ನ ಹೊಡದು ಹಾಕಿ ಕಡಿಮಿ ಬರಿಯೋರು?"

"ಅವ್ರೇ."

"ಮತ್ತ ನೀ ಏನ್ ಉಳಿಸ್ಲತ್ತಿ?"

ಹುಡುಗ ಉತ್ತರಿಸಲಿಲ್ಲ. ಷರಾದ ಕಾಲಮ್ಮಿನಲ್ಲಿ "ಮುತ್ಯಾಗ ಎಡಿಟ್ ಕೊಡಬ್ಯಾಡ್ರಿ, ವ್ಯೂ ಸಾಕು" ಎಂದು ಬರೆದ. ವ್ಯೂ ಅಂದರೆ ನೋಡಬಹುದು, ಮುಟ್ಟುವಂತಿಲ್ಲ. ಊರಿನ ಕಿರಾಣಿ ಅಂಗಡಿಯ ಕೆಂಪು ಬಟ್ಟೆಯ ಉದ್ರಿ ವಹಿಗಿಂತ ಇದು ಒಂದು ಹೆಜ್ಜೆ ಮುಂದೆಯೇ ಅನ್ನಿ. ಆ ವಹಿಯಲ್ಲಿ ನಮ್ಮ ಹೆಸರಿನ ಹಾಳೆಯನ್ನು ನೋಡುವ ಅಧಿಕಾರವೂ ನಮಗಿರಲಿಲ್ಲ. ಸಾವ್ಕಾರ ಓದಿ ಹೇಳುತ್ತಿದ್ದ, ನಾವು ತಲೆ ಅಲ್ಲಾಡಿಸುತ್ತಿದ್ದೆವು.

ಕಾಕಾನ ಹತ್ತಿರ ಜಿಮೇಲ್ ಖಾತೆ ಇಲ್ಲ. ಮೊಮ್ಮಗಳು ಬರೀ ಲಿಂಕು ಒತ್ತಿ ಹಾಳೆ ತೆರೆದು ಕೊಡುತ್ತಾಳೆ. ಖಾತೆ ಇಲ್ಲದೆ ಬಂದವರಿಗೆ ಗೂಗಲ್ ತನಗೆ ತೋಚಿದ ಪ್ರಾಣಿಯ ಹೆಸರಿಡುತ್ತದೆ. ರಾತ್ರಿ ಊಟವಾದ ಮೇಲೆ ಹಾಳೆಯ ಬಲಮೂಲೆಯಲ್ಲಿ "ಅನಾಮಧೇಯ ಒಂಟೆ" ಕಂಡರೆ ಕಾಕಾ ಬಂದು ಕೂತರು ಎಂದು ತಿಳಿಯಬೇಕು. ಮರುದಿನ ಅವರೇ ಮೊಸಳೆಯಾಗಿ ಬರಬಹುದು. ಒಂದು ಶನಿವಾರ ಒಂಟೆ, ಮೊಸಳೆ, ನರಿ ಮೂರೂ ಒಟ್ಟಿಗೆ ಕಾಣಿಸಿಕೊಂಡವು. ಒಂಟೆ ಕಾಕಾ, ಮೊಸಳೆ ಪುಣೆಯ ಚಿಗವ್ವ. ನರಿ ಯಾರೆಂದು ಇಂದಿಗೂ ಗೊತ್ತಾಗಿಲ್ಲ. ಪ್ರತಿಯೊಂದು ಸಾಲನ್ನೂ ನೋಡಿಹೋಗುತ್ತದೆ, ಏನನ್ನೂ ತಿದ್ದುವುದಿಲ್ಲ. ಬೀಗರ ಪೈಕಿ ಇರಬೇಕು.

ಹಾಳೆಯ ನಿಜವಾದ ಜೀವ ಇರುವುದು ಒಂಬತ್ತನೆಯ ಕಾಲಮ್ಮಿನಲ್ಲಿ: ಯಾರ ಕಾರ್ಡು. ಸೇಲು ಬಂದಾಗ ಇಂಥ ಬ್ಯಾಂಕಿನ ಕ್ರೆಡಿಟ್ ಕಾರ್ಡಿಗೆ ಶೇ 10 ಕಡಿಮೆ, ಹೆಚ್ಚೆಂದರೆ 1,500 ರೂಪಾಯಿ ಎಂದಿರುತ್ತದೆ. ಆ ಕಾರ್ಡು ಇಡೀ ಮನೆತನದಲ್ಲಿ ಇರುವುದು ಬೆಂಗಳೂರಿನ ಆ ಅಳಿಯನ ಹತ್ತಿರ ಒಂದೇ. ಹಾಗಾಗಿ ಸೆಪ್ಟೆಂಬರ್ ಬಂತೆಂದರೆ ಅವನಿಗೆ ಬರುವ ಗೌರವ ಮೈಲಾಪುರದ ಜಾತ್ರೆಯಲ್ಲಿ ಪಲ್ಲಕ್ಕಿಗೂ ಸಿಗಲಿಕ್ಕಿಲ್ಲ. ವರ್ಷವೆಲ್ಲ "ಆ ಹುಡುಗ ಫೋನೇ ಎತ್ತಂಗಿಲ್ಲ" ಎಂದು ಬೈದ ಅತ್ತಿ ಅವತ್ತು "ಊಟ ಆಯ್ತೇನಪ್ಪಾ? ಸೊರಗಿಯಲ್ಲೋ" ಎನ್ನುತ್ತಾಳೆ. ಫೋನಿನಲ್ಲಿ ಸೊರಗಿದ್ದು ಹೇಗೆ ಕಂಡಿತು ಎಂದು ಕೇಳಬಾರದು. ಎರಡು ನಿಮಿಷ ಆರೋಗ್ಯ, ಆಮೇಲೆ ಓಟಿಪಿ.

ಬಿಲ್ಲು ಅವನಿಗೆ ಬರುತ್ತದೆ. ರೊಕ್ಕ ಹತ್ತಿ ಮಾರಿದ ಮೇಲೆ ಬರುತ್ತದೆ. ಈ ನಡುವಿನ ತಿಂಗಳುಗಳಿಗೆ ಅವನು 'ನೋ ಕಾಸ್ಟ್ ಇಎಂಐ' ಎಂಬ ಕಂತಿಗೆ ಹಾಕುತ್ತಾನೆ. ಬಡ್ಡಿಯಿಲ್ಲದ ಕಂತು ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ. ಬಡ್ಡಿ ಅಂದಿನಿಂದ ಹಿಂಬಾಗಿಲಿನಿಂದ ಬರುತ್ತಿದೆ. ಬಡ್ಡಿಯಷ್ಟೇ ಮೊತ್ತವನ್ನು ಮೊದಲು ರಿಯಾಯಿತಿ ಎಂದು ಕಳೆಯುತ್ತಾರೆ, ಆಮೇಲೆ ಬಡ್ಡಿ ಎಂದು ಕೂಡಿಸುತ್ತಾರೆ, ಹಾಗೆ ಕೂಡಿಸಿದ ಬಡ್ಡಿಗೆ ಶೇ 18 ಜಿಎಸ್‌ಟಿ ಹಾಕುತ್ತಾರೆ. ಇಲ್ಲದ ಬಡ್ಡಿಗೆ ಇರುವ ತೆರಿಗೆ. ಊರಿನ ಹಳೆಯ ಬಡ್ಡಿ ವ್ಯವಹಾರದವರು ಇಂಥದ್ದೊಂದು ತಮಗೆ ಹೊಳೆಯಲಿಲ್ಲವಲ್ಲ ಎಂದು ಕೈ ಕೈ ಹಿಸುಕಿಕೊಳ್ಳಬೇಕು.

ಕುಕ್ಕರಿನ ಗಲಾಟೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಪುಣೆಯಲ್ಲಿ ಕಟ್ಟಡದ ಮೇಸ್ತ್ರಿಯಾಗಿರುವ ನಮ್ಮ ಇನ್ನೊಬ್ಬ ಅಳಿಯನಿಗೆ ಎಲ್ಲಕ್ಕಿಂತ ಸಸ್ತಾ ಇರುವುದು ಮೇಲೆ ಬರಲಿ ಎನಿಸಿತು. ರೇಟಿನ ಕಾಲಮ್ಮು ಒಂದನ್ನೇ ಹಿಡಿದು ಸಣ್ಣದರಿಂದ ದೊಡ್ಡದಕ್ಕೆ ಸಾಲು ಹಚ್ಚಿದ. ಸಾಮಾನುಗಳ ಹೆಸರು ಇದ್ದಲ್ಲೇ ಕೂತವು, ರೇಟುಗಳು ಮಾತ್ರ ಎದ್ದು ಜಾಗ ಬದಲಿಸಿದವು. ಹಾಗೆ ಐದು ಲೀಟರಿನ ಕುಕ್ಕರಿನ ಮುಂದೆ 389 ಬಂದು ಕೂತಿತು. ಅದು ಯಾವುದೋ ಮೊಬೈಲಿನ ಹಿಂಬದಿ ಕವರಿನ ರೇಟು. ಮೊಬೈಲ್ ಕವರಿನ ಮುಂದೆ 14,990 ಇದ್ದದ್ದನ್ನು ಯಾರೂ ಗಮನಿಸಲಿಲ್ಲ. ತುಟ್ಟಿ ಇರುವುದರ ಕಡೆಗೆ ನಮ್ಮ ಹಾಳೆಯಲ್ಲಿ ಕಣ್ಣೇ ಹೋಗುವುದಿಲ್ಲ.

ಬೆಳಿಗ್ಗೆ ಹತ್ತಿ ಬಿಡಿಸಲು ಹೊರಟ ಹೆಣ್ಣುಮಕ್ಕಳ ಗುಂಪಿಗೆ ಸುದ್ದಿ ಮುಟ್ಟಿತು. ಹೊಲದಿಂದ ಹೊಲಕ್ಕೆ ಹೋಯಿತು. ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ಕುಕ್ಕರಿನ ಜೊತೆ ತವಾ ಪುಕ್ಕಟೆ ಎಂದಾಗಿತ್ತು. ಸಂಜೆ ನಮ್ಮ ಕಟ್ಟೆಯ ಮೇಲೆ ಮಂದಿಯೋ ಮಂದಿ. "ಯಕ್ಕಾ, ನಮ್ದೊಂದು ಬರಸ್ರಿ, ರೊಕ್ಕ ಸೋಮಾರ ಕೊಡ್ತೀನಿ." ಒಬ್ಬಾಕೆ ಮಗಳ ಮದುವೆಗೆ ಆಗುತ್ತದೆಂದು ಮೂರು ಬರೆಸಿದಳು, ಮಗಳು ಆಗ ಏಳನೆಯ ಇಯತ್ತೆ. ಅಷ್ಟರಲ್ಲಿ ಅಳಿಯ ಬೆಂಗಳೂರಿನಿಂದ ಹಾಳೆಯ ಹಳೆಯ ಪ್ರತಿ ತೆಗೆದು ಎಲ್ಲವನ್ನೂ ಮೊದಲಿನಂತೆ ಮಾಡಿದ. ಹಾಳೆಗೆ ವರ್ಷನ್ ಹಿಸ್ಟರಿ ಇದೆ, ಓಣಿಯ ಬಾಯಿಗೆ ಇಲ್ಲ. ಮರುದಿನ ಇಬ್ಬರು ಟಂಟಂ ಹತ್ತಿ ಯಾದಗಿರಿ ಬಜಾರಿನ ಭಾಂಡೆ ಅಂಗಡಿಗೆ ಹೋಗಿ, ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದ ಹಾಳೆಯ ಫೋಟೊ ತೋರಿಸಿ, "ನೀವು ಮೂರು ಸಾವ್ರ ಅಂತೀರಿ, ಇಲ್ಲಿ ನೋಡ್ರಿ ಮುನ್ನೂರಾ ಎಂಬತ್ತೊಂಬತ್ತು" ಎಂದರು. ಅಂಗಡಿಯವರು ಕನ್ನಡಕ ಏರಿಸಿ ನೋಡಿ, "ಆ ರೇಟಿಗಿ ನನಗೂ ಐವತ್ತು ತರಿಸಿ ಕೊಡ್ರೆವ್ವಾ, ದುಕಾನಕ್ಕ ಇಟ್ಕೊತೀನಿ" ಎಂದರು.

ಸರಕಾರವೂ ಸುಮ್ಮನೆ ಕೂತಿಲ್ಲ. ಆನ್‌ಲೈನ್ ಅಂಗಡಿಗಳು ಗಿರಾಕಿಯನ್ನು ಮರುಳು ಮಾಡುವ ಉಪಾಯಗಳಿಗೆ 'ಡಾರ್ಕ್ ಪ್ಯಾಟರ್ನ್' ಎಂದು ಹೆಸರಿಟ್ಟು, ಅಂಥ 13ನ್ನು ಪಟ್ಟಿ ಮಾಡಿ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ನಿಷೇಧಿಸಿತು. "ಎರಡೇ ಉಳಿದಿವೆ, ಬೇಗ ಕೊಳ್ಳಿ" ಎಂಬ ಸುಳ್ಳು ಅವಸರ, ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು, ಬೇಡ ಎಂದವರನ್ನು ನಾಚಿಸುವುದು, ಬಿಟ್ಟೂ ಬಿಡದೆ ಪೀಡಿಸುವುದು ಎಲ್ಲ ಅದರಲ್ಲಿವೆ. ಪಟ್ಟಿ ಓದಿದಾಗ ನನಗೆ ಮನೆಯವರ ಮುಖಗಳೇ ಕಣ್ಣ ಮುಂದೆ ಬಂದವು. ಸುಳ್ಳು ಅವಸರ ಪುಣೆಯ ಚಿಗವ್ವನ ಇಲಾಖೆ; ಷರಾದಲ್ಲಿ "ಲಗೂ ತಗೋರಿ, ರಾತ್ರಿ 12ಕ್ಕ ಮುಗಿತದ" ಎಂದು ಅವಳು ಬರೆದ ಬೆಡ್‌ಶೀಟು ಎರಡು ವರ್ಷದಿಂದ ಅದೇ ರೇಟಿಗೆ ಇದೆ. ನಾಚಿಸುವುದರಲ್ಲಿ ಅತ್ತಿಯನ್ನು ಮೀರಿಸುವ ಆ್ಯಪು ಇನ್ನೂ ಹುಟ್ಟಬೇಕು. "ಬ್ಯಾಡಂದ್ರ ಬಿಡ್ರಿ, ನಿಮಗ ತುಟ್ಟೀದೇ ರೂಢಿ ಅದ" ಎಂದು ಒಂದು ಸಲ ಬರೆದರೆ ಎದುರಿನವರು ಏರ್ ಫ್ರೈಯರನ್ನೂ ತರಿಸುತ್ತಾರೆ. ತರಿಸಿದರು ಕೂಡ. ಕಟಕ ರೊಟ್ಟಿ ತಿನ್ನುವ ಮನೆಯಲ್ಲಿ ಅದೀಗ ಕಡ್ಲಿ ಹುರಿಯುತ್ತದೆ, ಕರೆಂಟು ಇದ್ದಾಗ.

ಬುಟ್ಟಿಗೆ ಸೇರಿಸುವ ಕಲೆ ಮಾತ್ರ ಎಲ್ಲರಿಗೂ ಬರುತ್ತದೆ. ಐದುನೂರರ ಮೇಲೆ ಡೆಲಿವರಿ ಪುಕ್ಕಟೆ ಎಂದಿದ್ದರೆ, 420ರ ಸಾಮಾನಿಗೆ 40 ರೂಪಾಯಿ ಚಾರ್ಜು ತಪ್ಪಿಸಲು 160ರ ಕಾಲುಚೀಲ ಸೇರುತ್ತದೆ. ಚಪ್ಪಲಿ ಹಾಕುವ ನಮ್ಮ ಮನೆಯಲ್ಲೀಗ ಕಾಲುಚೀಲದ ಗಂಟೇ ಇದೆ. ಹಾಳೆಯಲ್ಲಿ ಪ್ರತಿ ಜೋಡಿಯ ಮುಂದೆಯೂ ಉಳಿತಾಯ 40 ಎಂದು ಬರೆದಿದೆ.

ಮೊದಲು ಹೀಗಿರಲಿಲ್ಲ ಎಂಬುದರ ಸಾಕ್ಷಿಗೆ ದೂರ ಹೋಗಬೇಕಿಲ್ಲ. ಗುರುಮಠಕಲ್ ದಾಟಿ ತೆಲಂಗಾಣ ಹೊಕ್ಕರೆ ನಾರಾಯಣಪೇಟೆ, ಅದರಾಚೆ ಮಹಬೂಬನಗರ. ಬೆಂಗಳೂರಿನ ಕೋರಮಂಗಲದಲ್ಲಿ 2007ರಲ್ಲಿ ಪುಸ್ತಕ ಮಾರಲು ಶುರುಮಾಡಿದ ಫ್ಲಿಪ್‌ಕಾರ್ಟಿಗೆ ಮೊದಲ ಆರ್ಡರು ಬಂದದ್ದು ಆ ಮಹಬೂಬನಗರದಿಂದ. ಮೈಕ್ರೊಸಾಫ್ಟ್ ಬಿಟ್ಟು ಹಳ್ಳಿ ಶಾಲೆಗಳಿಗೆ ಪುಸ್ತಕ ಹೊತ್ತ ಜಾನ್ ವುಡ್ ಬರೆದ ಪುಸ್ತಕ ಅದು. ಕಂಪನಿಯ ಸ್ಥಾಪಕರಾದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಇಬ್ಬರೂ ಅದನ್ನು ಬೆಂಗಳೂರಿನ ಅಂಗಡಿಗಳಲ್ಲಿ ಹುಡುಕಾಡಿ ತೆಗೆದು ಕಳಿಸಬೇಕಾಯಿತು. ಗಿರಾಕಿಗೆ ಬೇಕಾದದ್ದನ್ನು ಕಂಪನಿ ಹುಡುಕುತ್ತಿದ್ದ ಕಾಲ. ಏಳು ವರ್ಷಕ್ಕೆ, 2014ರ ಅಕ್ಟೋಬರ್ 6ಕ್ಕೆ, ಅದೇ ಕಂಪನಿ 'ಬಿಗ್ ಬಿಲಿಯನ್ ಡೇ' ಎಂದು ಸಾರಿತು. ದೇಶವೆಲ್ಲ ಒಮ್ಮೆಲೇ ನುಗ್ಗಿ ಜಾಲತಾಣ ಕುಸಿಯಿತು, ಮರುದಿನ ಸ್ಥಾಪಕರಿಬ್ಬರೂ ಗಿರಾಕಿಗಳ ಕ್ಷಮೆ ಕೇಳಿದರು. ಕ್ಷಮೆ ಸಿಕ್ಕಿತು, ಸೇಲು ವರ್ಷ ವರ್ಷವೂ ಬಂತು. ಈಗ ಕಂಪನಿಗಳು ಖಾಲಿ ಮಾಡಬೇಕಾದದ್ದನ್ನು ಗಿರಾಕಿಗಳು ರಾತ್ರಿ ಎದ್ದು ಕೂತು ಹುಡುಕುತ್ತಾರೆ. ಹಾಳೆಗೆ ಬಣ್ಣ ಹಚ್ಚಿ, ಸೂತ್ರ ಹಾಕಿ, ಸಂಬಳವಿಲ್ಲದೆ.

ಸಂಬಳ ಕೆಲವರಿಗೆ ಇದೆ, ಅದನ್ನೂ ಹೇಳಬೇಕು. ನಮ್ಮ ಹಾಳೆಯ ಅರ್ಧ ಲಿಂಕುಗಳು ಟೆಲಿಗ್ರಾಂ ಗುಂಪೊಂದರಲ್ಲಿ ತಿರುಗುವ ದೊಡ್ಡ ಹಾಳೆಯಿಂದ ಎತ್ತಿ ಹಾಕಿದವು. ಯಾರೋ ಪುಣ್ಯಾತ್ಮ ಹಗಲು ರಾತ್ರಿ ಕೂತು ಊರಿಗೆ ಉಪಕಾರ ಮಾಡುತ್ತಿದ್ದಾನೆಂದು ಅವ್ವ ಅವನಿಗೆ ದಿನಾ ಕೈಮುಗಿಯುತ್ತಿದ್ದಳು. ಆ ಗಿಡ್ಡ ಲಿಂಕುಗಳ ಬಾಲದಲ್ಲಿ ಅವನ ಗುರುತು ಇರುತ್ತದೆ. ಅದನ್ನು ಒತ್ತಿ ಹೋಗಿ ಕೊಂಡರೆ ಅವನಿಗೆ ಕಮಿಷನ್ನು. ಅಮೆಜಾನ್ 1996ರಲ್ಲೇ ಶುರುಮಾಡಿದ ಪದ್ಧತಿ, ಈಗ ಎಲ್ಲ ಕಡೆ ಇದೆ. ಕಳ್ಳತನವೇನಲ್ಲ. ದಲಾಲಿ ಎಂದರೆ ಯಾದಗಿರಿಯ ಕೂಸಿಗೂ ಅರ್ಥವಾಗುತ್ತದೆ. ಎಪಿಎಂಸಿಯಲ್ಲಿ ದಲಾಲರ ಅಂಗಡಿಗೆ ಬೋರ್ಡು ಇರುತ್ತದೆ, ಇಲ್ಲಿ ಇಲ್ಲ, ಅಷ್ಟೇ ಫರಕು. ವಿಷಯ ತಿಳಿದ ಮೇಲೂ ಅವ್ವ ಕೈಮುಗಿಯುವುದು ಬಿಟ್ಟಿಲ್ಲ. "ಪಾಪ, ಅವ್ನಿಗೂ ಹೊಟ್ಟಿ ಅದಲ್ಲ."

ಎಪಿಎಂಸಿಯ ಮಾತು ಬಂತು. ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಬೆಂಗಳೂರಿನ ಅಳಿಯನಿಗೆ ಒಂದು ಒಳ್ಳೆಯ ಬುದ್ಧಿ ಹೊಳೆಯಿತು. ಕೊಳ್ಳಲು ಇಷ್ಟೆಲ್ಲ ತಾಳೆ ನೋಡುತ್ತೇವೆ, ಮಾರುವಾಗ ಯಾಕೆ ನೋಡಬಾರದು? ಹಾಳೆಯ ಕೆಳಗೆ 'ಮಾರಾಟ' ಎಂದು ಎರಡನೆಯ ಟ್ಯಾಬು ತೆರೆದ. ಯಾದಗಿರಿ, ರಾಯಚೂರು, ಕಲಬುರಗಿ ಮೂರು ಮಾರುಕಟ್ಟೆಗಳ ದಿನದ ಧಾರಣೆ ಕೃಷಿ ಮಾರಾಟ ವಾಹಿನಿಯಲ್ಲಿ ಸಿಗುತ್ತದೆ, ಅದನ್ನು ತಂದು ಹಾಕಿದ. ಕೇಂದ್ರ ಸರಕಾರದ ಬೆಂಬಲ ಬೆಲೆ 2024-25ಕ್ಕೆ ಕ್ವಿಂಟಲಿಗೆ 7,550, 2025-26ಕ್ಕೆ 8,000, ಅದಕ್ಕೊಂದು ಕಾಲಮ್ಮು. ಗಾಡಿ ಬಾಡಿಗೆ, ಹಮಾಲಿ, ಚೀಲ, ತೂಕದಲ್ಲಿ ಹೋಗುವುದು, ಎಲ್ಲಕ್ಕೂ ಜಾಗ ಬಿಟ್ಟ. ಕರ್ನಾಟಕದಲ್ಲಿ ರೈತರ ಮಾಲನ್ನು ಆನ್‌ಲೈನ್ ಹರಾಜಿಗಿಡುವ ಏಕೀಕೃತ ಮಾರುಕಟ್ಟೆ ವೇದಿಕೆಗಾಗಿ 2014ರಲ್ಲೇ ಕಂಪನಿ ಕಟ್ಟಿದ್ದಾರೆ, ದೇಶಕ್ಕೆಲ್ಲ ಇ-ನಾಮ್ 2016ರ ಏಪ್ರಿಲ್ 14ರಂದು ಬಂದಿದೆ ಎಂದು ಷರಾದಲ್ಲಿ ಬರೆದ. ಹುಡುಗ ಓದಿಕೊಂಡವನು, ನೋಡಲು ಹಾಳೆ ಚಂದ ಇತ್ತು.

ಎಲ್ಲರೂ ತುಂಬಿದರು. ಕೊನೆಗೆ ಕಾಕಾ ಮೊಮ್ಮಗಳ ಕೈಯಿಂದ ಒಂದು ಕಾಲಮ್ಮು ಹೆಚ್ಚಿಗೆ ಹಾಕಿಸಿದರು. ಎಡಿಟ್ ಅಧಿಕಾರವನ್ನು ಅಷ್ಟೊತ್ತಿಗೆ ಅವರು ಹುಡುಗಿಗೆ ಚಾಕಲೇಟು ಕೊಡಿಸಿ ಸಂಪಾದಿಸಿದ್ದರು. 'ಬೀಜ, ಗೊಬ್ಬರ, ಎಣ್ಣಿ ಉದ್ರಿ ಯಾರ ಹತ್ರ?' ಎಂಬುದು ಕಾಲಮ್ಮಿನ ಹೆಸರು. ಮನೆತನದ ಅಷ್ಟೂ ಹೊಲಗಳ ಮುಂದೆ ಒಂದೇ ದಲಾಲಿ ಅಂಗಡಿಯ ಹೆಸರು ಬಂತು. ಜೂನ್‌ನಲ್ಲಿ ಬಿತ್ತಲು ರೊಕ್ಕ ಕೊಟ್ಟವರ ಅಂಗಡಿಗೇ ಜನವರಿಯಲ್ಲಿ ಚೀಲ ಇಳಿಯಬೇಕು, ಅದು ಕರಾರು ಬರೆದುಕೊಂಡ ಮಾತಲ್ಲ, ಬರೆದುಕೊಳ್ಳುವ ಜರೂರೂ ಇಲ್ಲ. ರಾಯಚೂರಿನಲ್ಲಿ ಮುನ್ನೂರು ಹೆಚ್ಚಿದ್ದರೇನು, ಕಲಬುರಗಿಯಲ್ಲಿ ಐನೂರು ಹೆಚ್ಚಿದ್ದರೇನು? ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಹೆಸರು ಹಚ್ಚಿ ಸರದಿ ಕಾಯುವಷ್ಟು ದಿನ ಉದ್ರಿ ಕಾಯುವುದಿಲ್ಲ. ಅಳಿಯ ಫಿಲ್ಟರ್ ಒತ್ತಿದ. ಎಲ್ಲ ಮಾರುಕಟ್ಟೆಗಳೂ ಕಳಚಿಬಿದ್ದು ಒಂದು ಸಾಲು ಉಳಿಯಿತು. ನೀರಿನ ಬಾಟ್ಲಿಗೆ ಮೂರು ಆ್ಯಪು ನೋಡುವ ಮನೆತನಕ್ಕೆ ತೊಗರಿಗೆ ಸಿಕ್ಕ ಆಯ್ಕೆ ಅದು. ಅವನು ಎರಡನೆಯ ಟ್ಯಾಬನ್ನು ಮರೆಮಾಡಿ, ಮೊದಲನೆಯದರಲ್ಲಿ ಇಯರ್‌ಫೋನಿನ ರೇಟು ತಿದ್ದತೊಡಗಿದ.

ಕಾಕಾ ಮಾತ್ರ ಸುಮ್ಮನಾಗಲಿಲ್ಲ. ಆ ರಾತ್ರಿಯೇ ಮೊದಲ ಟ್ಯಾಬಿನ ಕೆಳಗೆ ಹೊಸ ಸಾಲು ಬಂತು: ಎಲೆಕ್ಟ್ರಾನಿಕ್ ಕಾಟಾ, ಇನ್ನೂರು ಕಿಲೋ ತೂಗುವಂಥದ್ದು. ಮನೆಯಲ್ಲೇ ತೂಗಿ ಒಯ್ದರೆ ಅಂಗಡಿಯ ಕಾಟಾದಲ್ಲಿ ಚೀಲಕ್ಕೆಷ್ಟು ಕರಗುತ್ತದೆ ಎಂಬುದಾದರೂ ತಿಳಿಯಲಿ ಎಂದು ಷರಾ. ಎರಡು ಬಾಟ್ಲಿ, ಏರ್ ಫ್ರೈಯರು, ಕಾಲುಚೀಲದ ಗಂಟು, ಕತ್ತಲಲ್ಲಿ ಹೊಳೆಯುವ ಸ್ವಿಚ್‌ಬೋರ್ಡಿನ ಸ್ಟಿಕ್ಕರು, ಇವಕ್ಕೆ ಯಾವತ್ತೂ ತಕರಾರು ತೆಗೆಯದ ಮನೆತನ ಆ ಸಾಲಿನ ಮೇಲೆ ಮುಗಿಬಿತ್ತು.

"ಇಷ್ಟ್ ದೊಡ್ಡದು ಇಡೋದೆಲ್ಲಿ?" ಎಂದಳು ಅತ್ತಿ.

"ರಿವ್ಯೂ ನೋಡೀರೇನು? ಒಬ್ಬಾಂವ ಒಂದೇ ಸ್ಟಾರ್ ಕೊಟ್ಟಾನ." ಇದು ಚಿಗವ್ವ.

ಬೆಂಗಳೂರಿನಿಂದ ಅಳಿಯ ಬರೆದ: "ಮುತ್ಯಾ, ಇದು ಖರೇನ ಬೇಕೇನು? ಜನವರಿ 26ರ ಸೇಲ್ ತನಕ ತಡೀರಿ, ಎರಡು ಸಾವ್ರ ಕಡಿಮಿ ಆಗ್ತದ."

ಅನಾಮಧೇಯ ಒಂಟೆ ಬಹಳ ಹೊತ್ತು ಆ ಚೌಕದ ಮೇಲೆ ಕೂತಿತ್ತು. ಆಮೇಲೆ ಮೊಮ್ಮಗಳ ಕೈಯಿಂದ ಉತ್ತರ ಬಂತು: "ಅಷ್ಟೊತ್ತಿಗಿ ತೊಗರಿ ಕಾಟಾ ಆಗಿ ಹೋಗಿರ್ತದೋ ಹುಡುಗಾ."